ಹತ್ತು ಕಾವು

ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಂಗೈಯಿಂದ ಒಮ್ಮೆ ಸವರಿದರೆ ಸಾಕು, ಕಾರು ಎಲ್ಲಿ ಓಡಿ ಬಂದಿದೆ ಎಂದು ನನಗೆ ಗೊತ್ತಾಗುತ್ತದೆ. ರಸ್ತೆಯಲ್ಲಿ ಓಡಿದ ಟೈರಿನ ಸೀಳುಗಳಲ್ಲಿ ಸಣ್ಣ ಕಲ್ಲುಗಳು ಕಚ್ಚಿಕೊಂಡಿರುತ್ತವೆ, ಮೇಲ್ಮೈ ಒಣಗಿ ನುಣುಪಾಗಿರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಓಡಿದ್ದಾದರೆ ಅಂಚಿನ ರಬ್ಬರು ಬೆಂದು ಎಳೆ ಎಳೆಯಾಗಿ ಸುರುಳಿ ಎದ್ದಿರುತ್ತದೆ, ಕೈಗೆ ಅಂಟುತ್ತದೆ. ಇದನ್ನು ಯಾರೂ ಕಲಿಸಲಿಲ್ಲ. ಮಾತಾಡದೆ ಎಂಟು ವರ್ಷ ಒಂದೇ ಅಂಗಡಿಯಲ್ಲಿ ಕೂತರೆ ಕಣ್ಣು ತಾನಾಗಿ ಚುರುಕಾಗುತ್ತದೆ.

ಅಂಗಡಿ ನನ್ನ ಸೋದರಮಾವನದು. ಅಮ್ಮ ತೀರಿಕೊಂಡಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಎದ್ದು ನಿಂತು ಓದು ಎಂದರೆ ನಾಲಿಗೆ ಏಳುತ್ತಿರಲಿಲ್ಲ. ಹಾಗಾಗಿ ಶಾಲೆ ಬಿಡಿಸಿದಾಗ ಬೇಜಾರಿಗಿಂತ ಹಗುರವೇ ಆಯಿತು. ಮಾವ ನನ್ನನ್ನೂ ಅಣ್ಣನನ್ನೂ ಕರೆತಂದು ಅಂಗಡಿಯ ಮೇಲಿನ ಎರಡು ಕೋಣೆ ಕೊಟ್ಟರು. ಅಣ್ಣ ಮೆಕ್ಯಾನಿಕ್ ಆದ, ನಾನು ಚಕ್ರ ಬಿಚ್ಚಿ ಹಾಕುವವಳಾದೆ. ಮಾವ ನನ್ನನ್ನು ಮೌನಗೌರಿ ಎನ್ನುತ್ತಾರೆ. ಅಣ್ಣನ ಪ್ರಕಾರ ನನಗಿಂತ ಗಾಳಿ ತುಂಬುವ ಯಂತ್ರವೇ ವಾಸಿ, ಅದು ಆಗಾಗ ಬುಸ್ ಅಂತಾದರೂ ಅನ್ನುತ್ತದೆ.

ನಮ್ಮಲ್ಲಿಗೆ ಮೂರು ವರ್ಷದಿಂದ ಒಬ್ಬ ಡಾಕ್ಟರು ಬರುತ್ತಿದ್ದರು. ಆಪರೇಷನ್ನಿಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವ ಡಾಕ್ಟರು. ಐವತ್ತರ ಆಸುಪಾಸಿನ ಹೆಂಗಸು, ಗಿಡ್ಡ ಕೂದಲು, ಒಂಟಿಯಾಗಿದ್ದರು. ಅವರದು ನೆಲಕ್ಕೆ ಮೂಗು ತಾಗಿಸಿಕೊಂಡಂತೆ ಕೂತ ಬೂದು ಬಣ್ಣದ ಸ್ಪೋರ್ಟ್ಸ್ ಕಾರು, ಎರಡೇ ಸೀಟು. ವಾರವೆಲ್ಲ ಜನರನ್ನು ಮಲಗಿಸಿ ಶನಿವಾರ ಊರನ್ನು ಎಬ್ಬಿಸುತ್ತಾರೆ ಎಂದು ಅಣ್ಣ ನಗೆಯಾಡುತ್ತಿದ್ದ. ನಿಜಕ್ಕೂ ಊರೊಳಗೆ ಅವರು ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ತುಂಬಿದ ಹಾಲಿನ ಪಾತ್ರೆ ಇದೆಯೇನೋ ಎನ್ನುವಂತೆ ಓಡಿಸುತ್ತಿದ್ದರು. ತಿಂಗಳಿಗೊಂದು ಶನಿವಾರ ಊರಾಚೆಯ ಟ್ರ್ಯಾಕಿಗೆ ಹೋದಾಗ ಮಾತ್ರ ಕಾಲು ಪೂರ್ತಿ ಒತ್ತುತ್ತಿದ್ದರು.

ಟ್ರ್ಯಾಕಿಗೆ ಬೇರೆ ಟೈರು. ಮೆತ್ತನೆಯ ರಬ್ಬರು, ಬಿಸಿಯಾದ ಮೇಲೆ ನೆಲವನ್ನು ಅಂಟಿಕೊಂಡು ಓಡುವಂಥದ್ದು. ಅವು ರಸ್ತೆಗೆ ಇಳಿಯಬಾರದು, ಗುಂಡಿ ಕಲ್ಲು ತಡೆಯುವುದಿಲ್ಲ. ಅದಕ್ಕೇ ಗುರುವಾರ ಸಂಜೆ ಡಾಕ್ಟರು ಕಾರು ತಂದು ಬಿಡುತ್ತಿದ್ದರು, ನಾವು ಚಕ್ರ ಬದಲಿಸುತ್ತಿದ್ದೆವು, ಶನಿವಾರ ಬೆಳಿಗ್ಗೆ ಏಳಕ್ಕೆ ಕಾರು ಹೊರುವ ಲಾರಿ ಬಂದು ಎತ್ತಿಕೊಂಡು ಹೋಗುತ್ತಿತ್ತು. ಟೈರು ಒಂದು ಸಲ ಕಾದು ತಣಿದರೆ ಅದನ್ನು ನಾವು ಒಂದು ಕಾವು ಎನ್ನುತ್ತಿದ್ದೆವು. ಪ್ರತಿ ಕಾವಿಗೂ ರಬ್ಬರು ಒಂದಿಷ್ಟು ಗಟ್ಟಿಯಾಗುತ್ತದೆ. ಹತ್ತು ಕಾವು ಮುಗಿದರೆ ಡಾಕ್ಟರು ಆ ನಾಲ್ಕೂ ಟೈರುಗಳನ್ನು ತೆಗೆದುಹಾಕುತ್ತಿದ್ದರು. ಲೆಕ್ಕ ನನ್ನದು. ಟ್ರ್ಯಾಕಿನಿಂದ ಬಂದ ಕಾರಿನ ಟೈರುಗಳನ್ನು ನೋಡಿ, ಎಷ್ಟು ಸಲ ಓಡಿಸಿದಿರಿ ಎಂದು ಕೇಳಿ, ಪ್ರತಿ ಟೈರಿನ ಹೊರಗೋಡೆಯ ಮೇಲೆ ಹಳದಿ ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆ. ಡಾಕ್ಟರು ಆ ಗೆರೆಗಳನ್ನು ನೋಡಿಯೇ ಎಷ್ಟು ಜೋರಾಗಿ ಹೋಗಬಹುದೆಂದು ನಿರ್ಧರಿಸುತ್ತಿದ್ದರು. ದಿನಕ್ಕೆ ನಾನು ಆಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಅವರ ಜೊತೆಯ ಮಾತೇ ಆಗಿರುತ್ತಿತ್ತು, ಅವರು ಬಂದ ದಿನ.

ಅಣ್ಣನಿಗೆ ಟ್ರ್ಯಾಕ್ ಎಂದರೆ ಆಗುತ್ತಿರಲಿಲ್ಲ. ಅಷ್ಟು ಬೆಲೆಯ ಕಾರು ಕೊಂಡು ಗಾಣದೆತ್ತಿನ ಹಾಗೆ ಸುತ್ತಿದರೆ ಯಾರು ನೋಡಬೇಕು ಎನ್ನುತ್ತಿದ್ದ. ರಿಪೇರಿಗೆ ಬಂದ ಇನ್ನೊಂದು ಕಾರಿನಲ್ಲಿ ಒಮ್ಮೆ ನನ್ನನ್ನೂ ಕೂರಿಸಿಕೊಂಡು ಹೋಗಿದ್ದ. ಮೇಲ್ಸೇತುವೆಯ ಕೆಳಗೆ ಕಾರಿನ ಸದ್ದು ಗೋಡೆಗೆ ಬಡಿದು ಎದೆಯೊಳಗೆ ನಡುಗಿತು. ಬಸ್ ನಿಲ್ದಾಣದಲ್ಲಿ ನಿಂತವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅಣ್ಣ ಗಾಜು ಇಳಿಸಿ ಮೊಣಕೈ ಹೊರಗಿಟ್ಟು ರಾಜನ ಹಾಗೆ ಕೂತಿದ್ದ. ನಾನು ಸೀಟಿನಲ್ಲಿ ಜಾರಿ ಜಾರಿ ಕಿಟಕಿಗಿಂತ ಕೆಳಗೆ ಹೋದೆ. ಆದರೂ ಅವನ ಖುಷಿ ಸುಳ್ಳಾಗಿರಲಿಲ್ಲ. ಆ ಹತ್ತು ನಿಮಿಷ ಅವನು ಯಾರ ಅಂಗಡಿಯ ಕೆಲಸದವನೂ ಆಗಿರಲಿಲ್ಲ. ವಾಪಸು ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ಇನ್ನೊಂದು ಸಲ ಗಿರಾಕಿಯ ಕಾರು ಹೊರಗೆ ತೆಗೆದರೆ ಗಂಟುಮೂಟೆ ಕಟ್ಟಿಕೊಂಡು ಹೊರಡು ಎಂದರು. ಮಾವ ಎರಡು ಸಲ ಹೇಳುವವರಲ್ಲ.

ಡಾಕ್ಟರು ನನ್ನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋದದ್ದು ಅದಾದ ಮೇಲೆ. ಟೈರಿನ ಗಾಳಿ ನೋಡಲು ಒಬ್ಬರು ಬೇಕು ಎಂಬ ನೆಪ. ಮಧ್ಯಾಹ್ನ ಹೆಲ್ಮೆಟ್ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲ ಸುತ್ತಿನಲ್ಲಿ ಹೊಟ್ಟೆ ಒಂದು ತಿರುವು ಹಿಂದೆಯೇ ಉಳಿದುಹೋಯಿತು. ಎರಡನೆಯ ಸುತ್ತಿನಲ್ಲಿ ನಾನು ಅವರ ಕೈಗಳನ್ನು ನೋಡಿದೆ. ಸ್ಟೀರಿಂಗ್ ಹಿಡಿದ ಆ ಕೈಗಳಲ್ಲಿ ಅವಸರವೇ ಇರಲಿಲ್ಲ. ಅಲ್ಲೊಂದು ಉದ್ದನೆಯ ಬಲ ತಿರುವಿದೆ. ಕಾರಿನ ಭಾರವೆಲ್ಲ ಎಡಗಡೆಯ ಹಿಂದಿನ ಟೈರಿನ ಮೇಲೆ ಕೂತು, ಅದೊಂದರ ಹಿಡಿತದಲ್ಲೇ ಇಡೀ ಕಾರು ಗಾಳಿಯಲ್ಲಿ ಒರಗಿದಂತೆ ಹೋಗುತ್ತದೆ. ನೋಡಲು ಯಾರೂ ಇರಲಿಲ್ಲ, ಎದುರಿಗೆ ಯಾರೂ ಬರುತ್ತಿರಲಿಲ್ಲ. ನನಗೆ ಜೋರಾಗಿ ನಗು ಬಂತು. ನಿಂತ ಮೇಲೆ ಡಾಕ್ಟರು, "ನಗ್ತೀಯ ನೀನು? ನನಗೆ ಗೊತ್ತೇ ಇರಲಿಲ್ಲ ಮರಿ" ಎಂದರು. ಆಮೇಲೆ, ಮನೆಯಲ್ಲಿ ತಾನು ವಾರಗಟ್ಟಲೆ ಯಾರೊಂದಿಗೂ ಮಾತಾಡುವುದಿಲ್ಲವೆಂದೂ ಇಲ್ಲಿಯ ಮಾತಿಲ್ಲದಿರುವಿಕೆ ಮಾತ್ರ ಭಾರ ಅನಿಸುವುದಿಲ್ಲವೆಂದೂ ಹೇಳಿದರು. ಪ್ರತಿ ತಿಂಗಳೂ ಬಾ ಎಂದರು. ನಾಲ್ಕು ಸಲ ಹೋದೆ. ಐದನೆಯ ಸಲದ ಹಿಂದಿನ ಶುಕ್ರವಾರ ಇದು ನಡೆಯಿತು.

ಗುರುವಾರ ಎಂದಿನಂತೆ ಚಕ್ರ ಬದಲಿಸಿದ್ದೆವು. ಆರು ಗೆರೆಯ ಟೈರುಗಳು. ಡಾಕ್ಟರು ನಾಲ್ಕನ್ನೂ ಒಳಗೋಡೆಯವರೆಗೆ ಬೆರಳಿನಿಂದ ತಡವಿ ನೋಡಿಯೇ ಹೋಗಿದ್ದರು. ಶುಕ್ರವಾರ ಮಧ್ಯಾಹ್ನ ಮಾವ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದರು, ನಾನು ಗೋದಾಮಿಗೆ ಹೋಗಿದ್ದೆ. ಅಂಗಡಿಯಲ್ಲಿ ಅಣ್ಣ ಒಬ್ಬನೇ ಇದ್ದ.

ಶನಿವಾರ ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿ ಗಾಳಿ ನೋಡಲು ಕೂತೆ. ಮುಂದಿನ ಟೈರಿನ ಮೆತ್ತನೆಯ ರಬ್ಬರಿಗೆ ಜಲ್ಲಿಪುಡಿ ಮೆತ್ತಿಕೊಂಡಿತ್ತು. ಒಂದೊಂದಾಗಿ ತಡವುತ್ತಾ ಬಂದೆ. ಎಡಗಡೆಯ ಹಿಂದಿನ ಟೈರಿನ ಒಳಗೋಡೆಯಲ್ಲಿ ಬೆರಳಿಗೆ ಒಂದು ಉಬ್ಬು ಸಿಕ್ಕಿತು. ಗೋಡಂಬಿಯಷ್ಟು. ಗುಂಡಿಗೆ ಬಿದ್ದು ಒಳಗಿನ ನೂಲು ಹರಿದರೆ ಹಾಗೆ ಉಬ್ಬುತ್ತದೆ. ಊರೊಳಗಾದರೆ ಅದು ನಾಲ್ಕು ದಿನ ತಡೆಯಬಹುದು. ಆ ಬಲ ತಿರುವಿನಲ್ಲಿ ತಡೆಯುವುದಿಲ್ಲ.

ಅಣ್ಣ ಹಲ್ಲುಜ್ಜುತ್ತಾ ಮೆಟ್ಟಿಲಿಳಿದು ಬಂದ. ನಾನು ಅವನ ಕೈ ಹಿಡಿದು ಉಬ್ಬಿನ ಮೇಲಿಟ್ಟೆ. ಒಂದೇ ಒಂದು ಗುಂಡಿ, ನೀರು ತುಂಬಿತ್ತು, ಕಾಣಲಿಲ್ಲ ಎಂದ. ಬ್ರಷ್ಷನ್ನು ಬಾಯಿಂದ ತೆಗೆದು, "ಮಾವನಿಗೆ ಗೊತ್ತಾದ್ರೆ ನಾನು ಬೀದಿಗೆ ಬೀಳ್ತೀನಿ ಕಣೇ. ಏನಾದ್ರೂ ಮಾಡು" ಎಂದು ಹಿತ್ತಲಿಗೆ ಹೋಗಿಬಿಟ್ಟ.

ಡಾಕ್ಟರಿಗೆ ಉಬ್ಬು ತೋರಿಸಿದರೆ ಗುರುವಾರ ಅದು ಇರಲಿಲ್ಲವೆಂದು ಅವರಿಗೆ ಗೊತ್ತು. ಯಾರು ತೆಗೆದುಕೊಂಡು ಹೋದರು ಎಂದು ಕೇಳಿಯೇ ಕೇಳುತ್ತಾರೆ. ತೋರಿಸದಿದ್ದರೆ ಅವರು ಆ ಟೈರಿನ ಮೇಲೆ ಕೂತು ಹೋಗುತ್ತಾರೆ. ಯೋಚಿಸಲು ಮುಕ್ಕಾಲು ಗಂಟೆ ಇತ್ತು. ಬಾಯಿ ಬಿಡದೆ ಇಬ್ಬರನ್ನೂ ಉಳಿಸುವ ದಾರಿ ನನ್ನ ಜೇಬಿನಲ್ಲೇ ಇತ್ತು. ಹಳದಿ ಪೆನ್ನು ತೆಗೆದು ನಾಲ್ಕೂ ಟೈರಿಗೆ ನಾಲ್ಕು ನಾಲ್ಕು ಗೆರೆ ಸೇರಿಸಿದೆ. ಹತ್ತು ಕಾವು. ಮುಗಿದ ಟೈರು, ಇವತ್ತು ಇವುಗಳಲ್ಲಿ ಓಡುವ ಹಾಗಿಲ್ಲ. ಹೋದ ಸಲ ತಪ್ಪಿ ಕಡಿಮೆ ಬರೆದಿದ್ದೆ ಎಂದರಾಯಿತು. ಲೆಕ್ಕದಲ್ಲಿ ನಾನು ತಪ್ಪುವವಳಲ್ಲ ಎಂದು ಡಾಕ್ಟರು ಎಲ್ಲರೆದುರು ಹೇಳುತ್ತಿದ್ದರು, ಒಂದು ಸಲ ತಪ್ಪಿದರೆ ಏನು ಮಹಾ ಅನಿಸಿತು.

ಡಾಕ್ಟರು ಏಳಕ್ಕೆ ಹತ್ತು ನಿಮಿಷ ಇರುವಾಗ ಬಂದರು. ಕಾರು ಹೊರುವ ಲಾರಿ ಆಗಲೇ ರಸ್ತೆಯಲ್ಲಿ ನಿಂತಿತ್ತು. ನನಗೂ ಸೇರಿಸಿ ಎರಡು ಹೆಲ್ಮೆಟ್ ತಂದಿದ್ದರು. ಕಾರಿನ ಸುತ್ತ ಬರುತ್ತಾ ಗೆರೆಗಳ ಮುಂದೆ ನಿಂತರು. ಹುಬ್ಬು ಗಂಟಿಕ್ಕಿ ಬಗ್ಗಿ ಹೆಬ್ಬೆರಳಿನಿಂದ ಉಜ್ಜಿದರು. ಬೆಳಗಿನ ಚಳಿಗೆ ಬಣ್ಣ ಒಣಗಿರಲಿಲ್ಲ. ಹೆಬ್ಬೆರಳು ಹಳದಿಯಾಯಿತು. ಅದನ್ನು ನೋಡಿಕೊಂಡರು, ನನ್ನನ್ನು ನೋಡಿದರು. ಯಾಕೆ ಎಂದು ಕೇಳಿದರು. ತರಗತಿಯಲ್ಲಿ ಎದ್ದು ನಿಂತ ಹಾಗೆಯೇ ನಿಂತಿದ್ದೆ.

ಅವರು ನೆಲದ ಮೇಲೆ ಮಂಡಿಯೂರಿ ಒಂದೊಂದೇ ಟೈರು ತಡವಿದರು. ಕೊನೆಯದರ ಒಳಗೆ ಕೈ ಹಾಕಿದವರು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

"ಇದನ್ನ ಹೇಳೋಕೆ ಆಗ್ತಿರಲಿಲ್ವಾ?"

"ಓಡಿಸಬಾರದು ಅಂತಾನೇ..." ಎಂದೆ.

"ಹತ್ತಾಯ್ತು, ಇನ್ನೊಂದು ಸಲ ನೋಡೇ ಬಿಡೋಣ ಅಂತ ನಾನು ಹೋಗಿದ್ದಿದ್ರೆ? ಹತ್ತಾದ್ರೆ ಹಿಡಿತ ಕಮ್ಮಿ ಆಗುತ್ತೆ ಅಷ್ಟೇ, ಟೈರ್ ಒಡೆಯಲ್ಲ. ಇದು ಒಡೆಯುತ್ತೆ."

ಅದು ನನಗೆ ಹೊಳೆದೇ ಇರಲಿಲ್ಲ. ಅವರ ದನಿ ಒಂದಿಷ್ಟೂ ಏರಲಿಲ್ಲ, ಅದೇ ಕಷ್ಟವಾದದ್ದು. "ಆಪರೇಷನ್ ಟೇಬಲ್ ಮೇಲೆ ಮಲಗಿರೋರ ಚೀಟೀಲಿ ಒಂದು ಅಂಕಿ ಯಾರೋ ಒಳ್ಳೇ ಮನಸ್ಸಿಂದಾನೇ ತಿದ್ದಿದ್ರು ಅಂದ್ಕೋ. ಅವರು ಏಳಲ್ಲ. ಗಾಡಿ ಯಾರು ತಗೊಂಡು ಹೋದ್ರು ಅಂತ ನಾನು ಕೇಳಲ್ಲ. ಅದು ನನಗೆ ಬೇಕಾಗಿಲ್ಲ."

ಮರಿ ಎನ್ನಲಿಲ್ಲ.

ಲಾರಿಯವನಿಗೆ ಹೋಗಲು ಹೇಳಿದರು. ರಸ್ತೆಯ ಚಕ್ರ ಹಾಕಿಕೊಡು ಎಂದರು. ನಾನು ಜಾಕಿ ಏರಿಸಿ ಬಿಚ್ಚಿ ಹಾಕಿದೆ. ಒಂದೊಂದು ನಟ್ಟನ್ನೂ ಕಟಕ್ ಎನ್ನುವವರೆಗೆ ಬಿಗಿದೆ. ಇಪ್ಪತ್ತೂ ಮುಗಿದ ಮೇಲೆ ಅವರು ನನ್ನ ಕೈಯಿಂದ ಪಾನಾ ತೆಗೆದುಕೊಂಡು ಮೊದಲಿನಿಂದ ಮತ್ತೊಮ್ಮೆ ಎಲ್ಲವನ್ನೂ ಬಿಗಿದು ನೋಡಿದರು. ಮೂರು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವರಲ್ಲ. ಎಲ್ಲವೂ ಸರಿಯಾಗಿಯೇ ಇದ್ದವು. ಪಾನಾವನ್ನು ಬಟ್ಟೆಯಲ್ಲಿ ಒರೆಸಿ ಅದರ ಜಾಗದಲ್ಲಿಟ್ಟು, ಎರಡೂ ಹೆಲ್ಮೆಟ್ ಎತ್ತಿಕೊಂಡು ಹೋದರು. ಕಾರು ಹಾಲಿನ ಪಾತ್ರೆ ಹೊತ್ತಂತೆ ನಿಧಾನವಾಗಿ ಮೂಲೆ ತಿರುಗಿತು.

ಮರುವಾರ ಅವರು ಮಾವನಿಗೆ ಫೋನ್ ಮಾಡಿ, ತಮ್ಮ ಆಸ್ಪತ್ರೆಯ ಹತ್ತಿರವೇ ಒಂದು ಅಂಗಡಿ ಇದೆ, ಇನ್ನು ಅಲ್ಲಿಗೇ ಹೋಗುತ್ತೇನೆ ಎಂದರಂತೆ. ಮಾವನಿಗೆ ಅದರ ಹಿಂದಿನದು ಗೊತ್ತಾಗಲಿಲ್ಲ. ಒಳ್ಳೆಯ ಗಿರಾಕಿ ಕೈತಪ್ಪಿತು ಎಂದು ಎರಡು ದಿನ ಗೊಣಗಿ ಮರೆತರು. ಅಣ್ಣನ ಕೆಲಸ ಉಳಿಯಿತು. ಆದರೆ ಡಾಕ್ಟರು ಏನೂ ಕೇಳದೆ ಹೋದರು ಎಂಬುದನ್ನು ಅವನು ನಂಬಲೇ ಇಲ್ಲ. ನೀನೇ ನನ್ನ ಹೆಸರು ಹೇಳಿರಬೇಕು, ಇಲ್ಲದಿದ್ದರೆ ಯಾಕೆ ಬಿಟ್ಟು ಹೋಗುತ್ತಾರೆ ಎಂದ. ನಡೆದದ್ದನ್ನು ಹೇಳಲು ನೋಡಿದೆ. ಅವನು ಟಿವಿ ಸದ್ದು ಹೆಚ್ಚಿಸಿದ. ಗಾಳಿಯಂತ್ರದ ಜೋಕು ಈಗ ಮಾಡುವುದಿಲ್ಲ. ಊಟಕ್ಕೆ ಕೂತಾಗ ತಟ್ಟೆ ತೆಗೆದುಕೊಂಡು ತನ್ನ ಕೋಣೆಗೆ ಹೋಗುತ್ತಾನೆ. ನಾನು ಅವನಿಗಾಗಿ ಮಾಡಿದ್ದು ಅವನಿಗೆ ಬೇಕಿತ್ತೋ ಇಲ್ಲವೋ ತಿಳಿಯದು. ಬಹುಶಃ ನಾನು ಅವನಿಗಾಗಿ ಮಾಡಲೇ ಇಲ್ಲ. ಎದ್ದು ನಿಂತು ಒಂದು ಮಾತು ಹೇಳುವುದಕ್ಕಿಂತ ಹದಿನಾರು ಗೆರೆ ಎಳೆಯುವುದು ನನಗೆ ಸುಲಭವಾಗಿತ್ತು.

ಮೂರು ತಿಂಗಳ ಮೇಲೆ ಒಂದು ಶನಿವಾರ ರಜೆ ಕೇಳಿ ಎರಡು ಬಸ್ಸು ಬದಲಿಸಿ ಟ್ರ್ಯಾಕಿಗೆ ಹೋದೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ತಂತಿಬೇಲಿಯ ಪಕ್ಕ, ಉದ್ದನೆಯ ಬಲ ತಿರುವಿನ ಹತ್ತಿರ, ಕ್ಯಾಮೆರಾ ಹಿಡಿದ ಏಳೆಂಟು ಜನರ ಜೊತೆ ನಿಂತೆ. ಡಾಕ್ಟರಿಗೆ ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡಿದ್ದೆ. ಬೂದು ಕಾರು ಬಂತು. ದೂರದಿಂದಲೇ ಗುರುತಿಸಿದೆ. ಹಿಂದಿನ ಎಡ ಟೈರಿನ ಮೇಲೆ ಒರಗಿ, ಒಂದು ಅಂಗುಲವೂ ಹೆಚ್ಚಿಲ್ಲ ಕಡಿಮೆಯಿಲ್ಲ ಎನ್ನುವಂತೆ ತಿರುಗಿ ಹೋಯಿತು. ಯಾರು ಹಾಕಿದ್ದರೋ, ಚಕ್ರ ಚೆನ್ನಾಗಿ ಕೂತಿತ್ತು.

ಕೊನೆಯ ಸುತ್ತಿನಲ್ಲಿ ಕಾರು ತಣಿಯಲೆಂದು ನಿಧಾನವಾಗಿ ಬಂತು. ತೀರಾ ಹತ್ತಿರ ಬಂದಾಗ ನಾನು ಬೇಲಿಯ ತಂತಿ ಹಿಡಿದುಕೊಂಡು ಮುಂದೆ ಬಾಗಿದೆ. ಹೆಲ್ಮೆಟ್ ಈ ಕಡೆ ತಿರುಗಿತು. ಡಾಕ್ಟರು ಕೈ ಎತ್ತಿದರು. ಬೇಲಿ ಪಕ್ಕ ನಿಂತ ಎಲ್ಲರಿಗೂ ಎತ್ತುವ ಕೈ ಅದು. ನನ್ನ ಪಕ್ಕದಲ್ಲಿದ್ದವನೂ ತಿರುಗಿ ಕೈ ಬೀಸಿದ, ನಾನೂ ಬೀಸಿದೆ.

ಕಾರು ಒಳಗೆ ಹೋಯಿತು. ಕ್ಯಾಮೆರಾದವರು ಚೀಲ ಕಟ್ಟಿದರು. ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಒಬ್ಬ ನನ್ನನ್ನು ಕೇಳಿದ. ಐದಕ್ಕೆ ಎಂದು ಹೇಳಿದೆ. ಇನ್ನೂ ಒಂದೂವರೆ ಗಂಟೆ ಇತ್ತು.