ಹದಿನೈದು ವರ್ಷದ ಕೆಮ್ಮು

ಫಿನಾಯಿಲ್ ವಾಸನೆ, ಅದೂ ಎಂಥದ್ದು, ಒಂದು ತೊಟ್ಟು ಬುಕ್ಕಾಂಬುಧಿ ಕೆರೆಗೆ ಬಿದ್ದರೆ ಮೀನೆಲ್ಲ ಎದ್ದು ಏರಿಯ ಮೇಲೆ ನಡೆದುಕೊಂಡು ಊರು ಬಿಡಬೇಕು, ಅಂಥ ವಾಸನೆ ಮೂಗಿಗೆ ಹತ್ತಿ ಪಂಚಾಕ್ಷರಪ್ಪನ ಕಣ್ಣಲ್ಲಿ ನೀರು ಬಂತು — ವಾಸನೆಗೇ ಬಂದ ನೀರು, ಬೇರೆ ಯಾತಕ್ಕೂ ಅಲ್ಲ, ಅಜ್ಜಂಪುರದ ಎತ್ತಿನ ದಲ್ಲಾಳಿ ಎಲ್ಲಾದರೂ ಅಳುತ್ತಾನೆಯೇ, ನಾಲ್ಕು ಲಕ್ಷ ಜೋಡಿ ಎತ್ತು ಕೈ ಬದಲಾಯಿಸಿದವನು — ನಾಲ್ಕು ಸಾವಿರವೂ ಇಲ್ಲ ಕಣ್ರೀ, ಎನ್ನುತ್ತಿದ್ದಳು ವಿಮಲಮ್ಮ, ಪಕ್ಕದಲ್ಲಿದ್ದಿದ್ದರೆ. ಪಕ್ಕದಲ್ಲೇ ಇದ್ದಾಳೆ, ಹತ್ತು ಹೆಜ್ಜೆ, ಕಡೂರಿನ ಈ ಆಸ್ಪತ್ರೆಯ ಐಸಿಯು ಗಾಜಿನಾಚೆ, ಕಣ್ಣು ಮುಚ್ಚಿಕೊಂಡು. ಮದುವೆಯಾದಾಗಿನಿಂದ ಇದೇ ಆಟ, ಅವನು ಏರಿಸುವುದು, ಅವಳು ಇಳಿಸುವುದು, ಊರವರು ಅವನ ಮಾತು ಕೇಳಿ ಅವಳ ಮುಖ ನೋಡುವುದು, ಏನ್ ವಿಮಲಕ್ಕಾ, ಇದ್ನ ಎಷ್ಟಕ್ಕೆ ಇಳಿಸ್ತೀಯಾ, ಎಂದು ಗೆಳೆಯ ಓಂಕಾರೇಶ ಕಟ್ಟೆ ಮೇಲೆ ಕೂತು ನಗುವುದು. ಇಳಿಸುವವಳು ಇದ್ದಾಳೆಂದೇ ಅವನು ಅಷ್ಟು ಧೈರ್ಯವಾಗಿ ಏರಿಸುತ್ತಿದ್ದದ್ದು. ಮೊನ್ನೆ ಇದೇ ಬಾಗಿಲಲ್ಲಿ ಡಾಕ್ಟರು ಕೇಳಿದರು, ಎಷ್ಟು ದಿನದಿಂದ ಕೆಮ್ಮು? ನಿಜಕ್ಕೆ ಐದು ದಿನ. ಐದು ದಿನ ಎಂದರೆ ಯಾವ ಡಾಕ್ಟರು ತಿರುಗಿ ನೋಡುತ್ತಾನೆ, ಎರಡು ಮಾತ್ರೆ ಬರೆದು ಬಸ್‌ಸ್ಟ್ಯಾಂಡಿಗೆ ಅಟ್ಟುತ್ತಾನೆ, ದೊಡ್ಡದು ಹೇಳಿದರೆ ತಾನೆ ದೊಡ್ಡ ಡಾಕ್ಟರು ಓಡಿ ಬರುವುದು — ಹದಿನೈದು ವರ್ಷದಿಂದ ಉಬ್ಬಸ ಸಾರ್, ಇವ್ಳು ಅಜ್ಜಂಪುರದಲ್ಲಿ ಕೆಮ್ಮಿದ್ರೆ ತರೀಕೆರೆಗೆ ಕೇಳ್ಸುತ್ತೆ! ಹೀಗೆ ಹೇಳಿ, ಎಂದಿನಂತೆ ಒಂದು ಗಳಿಗೆ ನಿಲ್ಲಿಸಿದ, ಅವಳಿಗೆ ಇಳಿಸಲು ಜಾಗ ಬಿಟ್ಟ. ಅವಳು ಸ್ಟ್ರೆಚರಿನ ಮೇಲೆ ಉಸಿರಿಗೆ ಒದ್ದಾಡುತ್ತಿದ್ದಳು. ಡಾಕ್ಟರು ಕಾಯಲಿಲ್ಲ, ಬರೆದುಕೊಂಡರು. ಜನ್ಮವಿಡೀ ಮುದಿ ಎತ್ತಿನ ವಯಸ್ಸು ಇಳಿಸಿದ ನಾಲಿಗೆ, ಹೆಂಡತಿಯ ಕೆಮ್ಮಿನ ವಯಸ್ಸು ಏರಿಸಿಬಿಟ್ಟಿತು.

ಪಾಲಿಸಿ ಮಾಡಿಸಿದವಳೂ ಅವಳೇ, ಹೋದ ಯುಗಾದಿಯಲ್ಲಿ, ಡೇರಿಗೆ ಹಾಲು ಹಾಕಿದ ದುಡ್ಡಲ್ಲಿ, ನಂಗೇನೇ ರೋಗ, ನಾನು ಯಮನ ಕೋಣಾನೂ ಮಾರಿ ಬಂದೋನು, ಎಂದು ಇವನು ಹಾರಾಡಿದಾಗ, ನಿಮ್ಗಲ್ಲ, ನಂಗೆ ಎಂದಿದ್ದಳು. ಈಗ ಬೆಳಗ್ಗೆ ಇನ್ಶೂರೆನ್ಸ್ ಕೌಂಟರಿನ ತನುಜಾ ಕರೆದು ಹೇಳಿದಳು, ಯಜಮಾನ್ರೇ, ಹಳೇ ಕಾಯಿಲೆ ಮುಚ್ಚಿಟ್ಟಿದೀರಾ ಅಂತ ಕಂಪನಿಯೋರು ರಿಜೆಕ್ಟ್ ಮಾಡಿದಾರೆ. ಇಲ್ಲಿ ದಿನಕ್ಕೆ ಇಪ್ಪತ್ತೆಂಟು ಸಾವಿರ, ಕಟ್ಟಲಾಗದಿದ್ದರೆ ನಾಳೆ ಬೇರೆ ಕಡೆಗೆ ಸಾಗಿಸಬೇಕು, ಸಾಗಿಸಿದರೆ ದಾರಿಯಲ್ಲಿ ಏನಾಗುತ್ತೋ ಹೇಳಲಾಗುವುದಿಲ್ಲ ಎನ್ನುತ್ತಾರೆ ಡಾಕ್ಟರು. ಆ ಹದಿನೈದು ವರ್ಷ ಸುಳ್ಳು ಕಣಮ್ಮಾ, ನಾನೇ ಹೇಳಿದ್ದು, ಎಂದ. ಹಂಗಾದ್ರೆ ಉಬ್ಬಸ ಇರ್ಲಿಲ್ಲ ಅಂತ ಹಳೇ ಡಾಕ್ಟರ ಚೀಟಿ ಇದ್ರೆ ತನ್ನಿ, ಎಂದಳು. ಹದಿನೈದು ವರ್ಷದಲ್ಲಿ ಒಂದು ದಿನವಾದರೂ ಡಾಕ್ಟರ ಮನೆ ಮೆಟ್ಟಿಲು ಹತ್ತಿದ್ದರೆ ತಾನೆ ಚೀಟಿ, ಇಲ್ಲದ ರೋಗಕ್ಕೆ ಯಾವ ಡಾಕ್ಟರು ಚೀಟಿ ಕೊಡುತ್ತಾನೆ. ಓಂಕಾರೇಶನಿಗೆ ಫೋನು ಮಾಡಿದ, ಲೇ, ನಾನು ಮಹಾ ಸುಳ್ಳುಗಾರ ಅಂತ ಪಂಚಾಯ್ತಿಯೋರ ಹತ್ರ ಬರೆಸ್ಕೊಂಡು ಬಾರೋ. ಅವನು ಬಿದ್ದು ಬಿದ್ದು ನಕ್ಕ, ಇದೂ ನಿನ್ನ ಹೊಸ ಪುರಾಣವೇನೋ, ವಿಮಲಕ್ಕಂಗೆ ಕೊಡು ಫೋನು, ಅವ್ಳು ಹೇಳಿದ್ರೆ ನಂಬ್ತೀನಿ. ಕೊಡುವುದು ಹೇಗೆ. ಅವಳು ಐಸಿಯುನಲ್ಲಿದ್ದಾಳೆ ಕಣೋ ಎಂದದ್ದಕ್ಕೂ ನಕ್ಕ. ಫೋನು ಇಟ್ಟ ಮೇಲೆ ಇಡೀ ಕಡೂರಿನಲ್ಲಿ ತನ್ನೊಬ್ಬನನ್ನೇ ಬಿಟ್ಟು ಮಿಕ್ಕವರೆಲ್ಲ ರೈಲು ಹತ್ತಿ ಹೋದ ಹಾಗಾಯಿತು — ಎದುರಿನ ಬೆಂಚಿನಲ್ಲಿ ಜನ ಇದ್ದರು, ಇಡ್ಲಿ ತಿನ್ನುತ್ತಿದ್ದರು, ಆದರೂ.

ಕೊನೆಗೆ ತನುಜಾಳೇ ಒಂದು ಬಿಳಿ ಹಾಳೆ ಕೊಟ್ಟಳು, ನಿಜ ಏನಿದ್ಯೋ ನೀವೇ ಬರೆದ್ಕೊಡಿ, ಕಳಿಸ್ತೀನಿ, ಸಂಜೆಯೊಳಗೆ ಏನಾದ್ರೂ ಹೇಳ್ತಾರೆ, ನಂಬ್ತಾರೋ ಇಲ್ವೋ ನಂಗೊತ್ತಿಲ್ಲ. ಪೆನ್ನು ಕೈಯಲ್ಲಿ ಹಿಡಿದರೆ ಎಮ್ಮೆಯ ಗೊರಸಿನಷ್ಟು ಭಾರ. ಸೇರಿಸಿದಾಗ ನನ್ನ ಹೆಂಡತಿಗೆ ಐದು ದಿನದ ಕೆಮ್ಮು. ಅಷ್ಟೇ ಬರೆದ. ಎಷ್ಟು ಚಿಕ್ಕ ಸಾಲು, ಇಷ್ಟು ಚಿಕ್ಕದನ್ನು ಅವನು ಹುಟ್ಟಿದ ಮೇಲೆ ಹೇಳಿದ್ದೇ ಇಲ್ಲ, ಯಾರಾದರೂ ನಂಬುವ ಮಾತೇ ಇದು — ಸಹಿ ಹಾಕಿದ, ಕೊಟ್ಟ, ಬಂದು ಗಾಜಿಗೆ ಹಣೆ ಒತ್ತಿ ನಿಂತ. ಅವಳ ಮಾಸ್ಕಿನೊಳಗೆ ಉಸಿರು ಬಂದು ಮಂಜು ಕಟ್ಟುತ್ತದೆ, ಉಸಿರು ಎಳೆದುಕೊಂಡರೆ ಅಳಿಸಿಹೋಗುತ್ತದೆ. ನರ್ಸು, ಐದೇ ನಿಮಿಷ ಅಜ್ಜಾ, ಎಂದಳು, ಒಳಗೆ ಬಿಟ್ಟಳು. ಕಿವಿಯ ಹತ್ತಿರ ಬಗ್ಗಿದ, ವಿಮಲಾ, ನೋಡೇ, ಆಸ್ಪತ್ರೆ ಹೊರಗೆ ನಿನ್ನ ನೋಡೋಕೆ ಹತ್ತು ಸಾವಿರ ಜನ ಬಂದವ್ರೆ, ಸಖರಾಯಪಟ್ಟಣದಿಂದಲೇ ಐವತ್ತು ಬಸ್ಸು ಕಣೇ — ನಿಲ್ಲಿಸಿದ, ಜಾಗ ಬಿಟ್ಟ, ಹೊರಗೆ ಅವನಿಗಾಗಿ ಒಬ್ಬರೂ ಇರಲಿಲ್ಲ, ಹೇಳೇ, ಎಷ್ಟು ಜನ, ಹೇಳೇ — ಮಂಜು ಕಟ್ಟಿತು, ತುಟಿ ಕಾಣಲಿಲ್ಲ, ಅಳಿಸಿತು, ತುಟಿ ಮುಚ್ಚೇ ಇತ್ತು, ಮತ್ತೆ ಮಂಜು ಕಟ್ಟಿತು, ಅಳಿಸಿತು, ಮತ್ತೆ ಮಂಜು