ಮಶೀನ್ಯಾಗಿನ ತತ್ತಿ

ಎರಡೂ ಹೆಣ್ಣು ಹಡದೆ ಅಂತ ನಮ್ಮ ಮಾವ ಖೇಮಪ್ಪ ನನ್ನ ಗಂಡ ವಿಠ್ಠಲಗ ಇನ್ನೊಂದು ಹೆಂಡ್ತಿ ಹುಡುಕಿದ್ದ. ಸನವಳ್ಳಿ ಹುಡುಗಿ. ಆಕಿ ಅಪ್ಪ ಸೋಮಪ್ಪ ಮಾತುಕತಿಗೆ ಬಂದ ದಿನ ಚಹಾ ಕಾಸೂ ಕೆಲಸ ಯಾರದ್ರಿ? ನಂದ! ಗಂಡ ಅಂಬೋ ಪ್ರಾಣಿ ತುಟಿ ಪಿಟಕ್ ಅನ್ನಲಿಲ್ಲ.

ಮಾವ ಕೋಣ ಸಾಕ್ಯಾನ. ಎಮ್ಮಿ ಬೆದಿಗೆ ಬಂದ್ರ ದೂರದ ಮಳಗಿ ಊರಿಂದ್ಲೂ ಜನ ಹೊಡ್ಕೊಂಡು ನಮ್ಮ ತಾಂಡಾಕ್ಕ ಬರ್ತಾರ. ಹಿಂಗಾಗಿ ತಳಿ ವಿಷಯದಾಗ ತನ್ನ ಬಿಟ್ರಿಲ್ಲ ಅಂತ ಅವನ ಜಂಬ. ಅಂಥಾವಗ ನನ್ನ ಹಿರೇ ಮಗಳು ಕಾಜಲ್‌ನ ಆಟದ ಮಶೀನಿನ ಹುಚ್ಚು ಹಿಡಿದಿತ್ತು. ಮೈದುನ ದಿನೇಶ ಗೋವಾಕ್ಕ ಲಾರಿ ಹೊಡೀತಾನ, ಅಲ್ಲಿಂದ ತಂದು ಕೊಟ್ಟಿದ್ದ. ಅಂಗೈಯಷ್ಟು ಮಶೀನು. ಅದರಾಗ ರಾಕ್ಷಸ ಪ್ರಾಣಿ ಹಿಡೀಬೇಕು, ಸಾಕಬೇಕು, ಗಂಡು ಹೆಣ್ಣು ಜೋಡಿ ಮಾಡಿ ದೊಡ್ಡ್ಯಾಗ ಬಿಟ್ರ ತತ್ತಿ ಇಡತಾವ.

ಸೋಮಪ್ಪ ಕುಂತದ್ದ ತಡ, ಮಾವ ಮಶೀನು ತೋರಿಸಿದ. "ನೋಡ್ರಿ ಬೀಗರ, ಈ ಕೆಂಪು ಕೋಡಿನ ಜೋಡಿ ಬರೇ ಹೆಣ್ಣು ಹಾಕ್ತೈತಿ. ಏ ಕಾಜಲ್, ತಾಯಿ ಬದಲ ಮಾಡು!" ಹೇಳೂದು ಕಾಜಲ್‌ಗ, ನೋಡೂದು ನನ್ನ ಕಡೆ.

ಕಾಜಲ್ ತಾಯಿ ಬದಲ ಮಾಡಿದ್ಲು. ತತ್ತಿ ಒಡೀತು, ಹೆಣ್ಣು. ಮತ್ತೊಂದು ತಾಯಿ ತಂದ್ಲು. ಮತ್ತ ಹೆಣ್ಣು.

"ಎಷ್ಟು ತಾಯಿ ತಂದ್ರೂ ಅಷ್ಟ ಅಜ್ಜಾ," ಅಂದ್ಲು. "ಈ ಆಟದಾಗ ತಾಯಿಯಿಂದ ಜಾತಿ ಬರತೈತಿ. ಗಂಡೋ ಹೆಣ್ಣೋ ಅನ್ನೂದು ಅಪ್ಪನಿಂದ."

ಅಪ್ಪನ್ನ ತಗದು ಬ್ಯಾರೆ ಗಂಡು ಬಿಟ್ಲು. ತತ್ತಿ ಒಡೀತು. ಗಂಡು!

ಮಾವ ತೊಡಿ ತಟ್ಟಿ ಒದರಿದ: "ಕೋಣಾನ ಸರಿ ಇರಲಿಲ್ಲ! ಕೋಣ ಬದಲ ಮಾಡಬೇಕು ಅಂತ ನಂಗ ಮೊದಲ ಗೊತ್ತಿತ್ತು!"

ಸೋಮಪ್ಪ ನಿಧಾನಕ್ಕ ತಿರುಗಿ ವಿಠ್ಠಲನ್ನ ಕಾಲಿಂದ ತಲೀತನಕ ನೋಡಿದ, ಸಂತ್ಯಾಗ ದನ ನೋಡಿದಂಗ. "ಹಂಗಾರ ನನ್ನ ಮಗಳು ಇಲ್ಲಿ ಬಂದು ಏನ್ ಮಾಡ್ತಾಳ್ರಿ?" ಅಂದ.

ನಾ ಬಿಡ್ತೇನೇನು? "ಮಾವಾ, ನಿಮ್ಮ ಮಾತು ಮೀರಂಗಿಲ್ಲ. ಬ್ಯಾರೆ ಕೋಣ ಹುಡುಕ್ರಿ. ಈ ಸಲ ಬಾಯಿ ಇರೂದು ನೋಡ್ರಿ," ಅಂದೆ.

ವಿಠ್ಠಲ ಎದ್ದ ನಿಂತ. "ಅಪ್ಪಾ, ನನಗ ಈ ಮದುವಿ ಬ್ಯಾಡ!" ಅಬ್ಬಾ, ಅಂತೂ ಬಾಯಿ ಬಂತು. ಸೋಮಪ್ಪ ಚಹಾ ಅಲ್ಲೇ ಬಿಟ್ಟು ಹೋದ. ಆ ಚಹಾ ನಾನ ಕುಡದೆ.

ಆಮ್ಯಾಲೆ ಮಶೀನ್ಯಾಗ ಹೊಸ ಅಪ್ಪನ ಕೃಪೆಯಿಂದ ದೊಡ್ಡಿ ತುಂಬ ಗಂಡು. "ಇಷ್ಟು ಗಂಡು ಇಟ್ಕೊಂಡು ಏನ್ ಮಾಡ್ಲಿ? ಹೆಣ್ಣಿಲ್ಲಂದ್ರ ಜಾತಿ ಹೆಂಗ ಉಳೀಬೇಕು?" ಅಂತ ಮಾವ ಊಟ ಬಿಟ್ಟ. ಕಡೀಗೆ ಹಳೇ ಅಪ್ಪನ್ನ ವಾಪಸ್ ಬಿಟ್ರಂತ. ನಾ ಹಿತ್ತಲದಾಗ ಭಾಂಡಿ ತಿಕ್ಕಾಕತ್ತಿದ್ದೆ, ಒಳಗ ಮಾವ ಕುಣಿದಾಡಿದ: "ಹೆಣ್ಣು! ಹೆಣ್ಣು ಬಂತು!"

ಅತ್ತಿ ನಾನಿಬಾಯಿ ಓಡಿ ಬಂದು ಎಲ್ಲಾರ ಕೈಗೂ ಸಕ್ಕರಿ ಹಾಕಿದ್ಲು, ನನಗೂ.

ಕಾಜಲ್ ಹುಟ್ಟಿದಾಗ ಈ ಮನ್ಯಾಗ ಸಕ್ಕರಿ ಡಬ್ಬಿ ಮುಚ್ಚಳಾ ತಗದಿರಲಿಲ್ಲ. ಕಾಜಲ್‌ನ ಕರದು, ನನ್ನ ಪಾಲಿನ ಸಕ್ಕರಿ ಆಕಿ ಬಾಯಾಗ ಹಾಕಿದೆ.