ಕ್ಯಾಪ್ಟನ್ ಶತಭಿಷ ಬಾಗಿಲು ತಟ್ಟಿದ

ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ಏಳುತ್ತ ಇಳಿಯುತ್ತ ತೇಲುತ್ತಿವೆ, ಅವಕ್ಕೆ ಭಾರವೇ ಇಲ್ಲ, ಪುಸ್ತಕದಲ್ಲಿ ಬರೆದಿರುವುದೂ ಹೀಗೇ ಅಲ್ಲವೆ, ಆಕಾಶನೌಕೆಯೊಳಗೆ ಚಮಚ ತೇಲುತ್ತದೆ, ಚಪ್ಪಲಿ ತೇಲುತ್ತದೆ, ಕ್ಯಾಪ್ಟನ್ ಶತಭಿಷನ ಕಣ್ಣೀರು ಕೂಡ ಕೆನ್ನೆಗಿಳಿಯದೆ ಗುಂಡಗೆ ಕಣ್ಣೆದುರೇ ನಿಂತುಬಿಡುತ್ತದೆ, ಪಾಪ, ಒರೆಸಿಕೊಳ್ಳುವುದಾದರೂ ಹೇಗೆ — ವೆಂಕಟರತ್ನಮ್ಮನ ಬಾಯಿ ಓದುತ್ತಿತ್ತು, ಮನಸ್ಸು ಮಾತ್ರ ಬಿಸಿಲಕೋಲು ಹತ್ತಿಕೊಂಡು ಎಲ್ಲೋ ಹೋಗಿತ್ತು, ಮಾರಿಕುಪ್ಪಂ ರೈಲು ಕೂಗಿಕೊಂಡು ಹೋದಾಗ ಮನೆಯೆಲ್ಲ ಒಂದು ಸಲ ನಡುಗಿ ಬಂಗಾರಪೇಟೆಯ ನೆಲ ಬಿಟ್ಟು ಒಂದು ಗೇಣು ಮೇಲಕ್ಕೆದ್ದ ಹಾಗಾಯಿತು, ಎದ್ದರೆ ಏಳಲಿ, ಗೋಡೆ, ಗಡಿಗೆ, ಮಂಚ, ಮಂಚದ ಮೇಲೆ ದಿಂಬಿಗೊರಗಿ ಕಣ್ಣು ಮುಚ್ಚಿ ಕೇಳುತ್ತಿರುವ ಗಂಡ ಮುನಿಸ್ವಾಮಪ್ಪ, ಎಲ್ಲ ಸೇರಿ ಹೊರಟುಬಿಡೋಣ, ಇಲ್ಲಿ ಏನಿದೆ ಅಂತ ಇರಬೇಕು. ನಿದ್ದೆ ಹತ್ತಿತೇನೋ ಎಂದು ಅವಳು ದನಿ ತಗ್ಗಿಸಿದಳು. ಯಾಕ್ ನಿಲ್ಲಿಸ್ದೆ, ಓದು, ಅಂದ ಅವನು, ಅಷ್ಟು ಅನ್ನುವಷ್ಟರಲ್ಲೇ ಎದೆಯೊಳಗೆ ಗರಗಸ ಎಳೆದ ಸದ್ದು — ಗಣಿಯ ಕಲ್ಲುಧೂಳು ಒಳಗೆ ಕೂತು ಗಟ್ಟಿಯಾಗಿದೆ, ಮನೆಗೆ ಕರಕೊಂಡು ಹೋಗಿ, ಕೇಳಿದ್ದು ಮಾಡಿಕೊಡಿ ಅಂದಿದ್ದರು ಆಸ್ಪತ್ರೆಯಲ್ಲಿ, ಆ ಮಾತಿನ ಅರ್ಥ ತಿಳಿಯದಷ್ಟು ಪೆದ್ದಿ ಅಲ್ಲ ಅವಳು. ಅವನು ಕೇಳಿದ್ದು ಏನು, ಮುದ್ದೆಯಲ್ಲ, ಕೋಳಿಸಾರಲ್ಲ, ಈ ಕಥೆ.

ಬಜಾರಿನ ಶ್ರೀರಾಮಪ್ಪನ ಬಾಡಿಗೆ ಪುಸ್ತಕದಂಗಡಿಯಲ್ಲಿ ಇವಳು ಕೇಳಿದ್ದು ಸಾಂಸಾರಿಕ ಕಾದಂಬರಿ, ಅವನು ಕೊಟ್ಟಿದ್ದು ರಾಕೆಟ್ಟಿನ ಚಿತ್ರದ ರಟ್ಟು, ತಗೊಂಡೋಗಮ್ಮ, ಎಲ್ಲಾ ಒಂದೇ, ಇದ್ರಾಗೂ ಅಳ್ತಾರೆ, ಅಂದಿದ್ದ ಕಳ್ಳ, ಅವನ ಮಾತೇ ನಿಜವಾಯಿತು. ಮುದುಕ ಕ್ಯಾಪ್ಟನ್ನು, ಗ್ರಹಗಳ ಯುದ್ಧದಲ್ಲೆಲ್ಲ ಗೆದ್ದು ಬಂದವನು, ಮಗ ಕಿರಣನ ನೌಕೆ 'ಸ್ವಾತಿ' ಕಾಣೆಯಾಯಿತು ಎಂದು ತಿಳಿದ ದಿನ ಅಳಲೂ ಇಲ್ಲ, ಮಾತಾಡಲೂ ಇಲ್ಲ, ಹಳೇ ಡಬ್ಬಾ ನೌಕೆಯೊಂದನ್ನು ಎತ್ತಿಕೊಂಡು ಮಗನನ್ನು ಹುಡುಕಲು ಹೊರಟುಬಿಟ್ಟ — ಅಲ್ಲಿಗೆ ಬಂದಾಗ ಮುನಿಸ್ವಾಮಪ್ಪ ಕಣ್ಣು ಬಿಟ್ಟು, ಗಟ್ಟಿಗ ಕಣೇ ಇವ್ನು, ಅಂದಿದ್ದ. ಗಟ್ಟಿಗನಂತೆ. ನೀನೂ ಗಟ್ಟಿಗನೇ ಅಲ್ಲವಾ ನನ್ನಪ್ಪ, ಗಣಿಯ ರೆಸ್ಕ್ಯೂ ತಂಡದಲ್ಲಿ ತಲೆ ನೆರೆಸಿಕೊಂಡವನು, ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿ ಹೊಗೆಗೆ ಇಳಿದು ಯಾರ್ಯಾರ ಮಕ್ಕಳನ್ನೋ ಹೆಗಲ ಮೇಲೆ ಹೊತ್ತು ತಂದವನು, ಗಣಿಯೂರು ಉರಿಗಾಂನಲ್ಲಿ ಎದುರಿಗೆ ಬಂದ ಹೆಂಗಸರು ಕೈ ಮುಗಿಯುತ್ತಿದ್ದರು, ಆದರೆ ಕೆಳಗೆ ಬಂಡೆ ಸಿಡಿದು ನಮ್ಮ ಮಗ ಆಂಜಿನಪ್ಪ ಸಿಕ್ಕಿಕೊಂಡ ದಿನ ನೀನು ಬರಿಗೈಲಿ ಬಂದು ಹೊಸಿಲ ಮೇಲೆ ನಿಂತು, ತಕ್ಷಣ ಓಗ್ಬುಟ್ಟ, ನೋವೇ ಆಗ್ಲಿಲ್ಲ, ಅಂದೆ, ಅಷ್ಟೇ, ಆಮೇಲೆ ನಾಲ್ಕು ವರ್ಷ ಆ ಹೆಸರು ನಿನ್ನ ಬಾಯಲ್ಲಿ ಬರಲಿಲ್ಲ, ಒಂದು ತೊಟ್ಟು ಕಣ್ಣೀರು ಬರಲಿಲ್ಲ, ನಾನು ಅತ್ತರೆ ನೀನು ಎದ್ದು ಹಿತ್ತಲಿಗೆ ಹೋಗಿ ಸೌದೆ ಒಡೆಯುತ್ತಿದ್ದೆ, ಹಾಳಾದವನೇ, ಇದ್ದ ಸೌದೆಯನ್ನೆಲ್ಲ ಒಡೆದು ಕಡ್ಡಿ ಮಾಡಿದೆ. ಅವಳಿಗೆ ಬೇರೆ ಏನೂ ಬೇಡ, ಹೋಗುವ ಮೊದಲು ಒಂದು ಸಲ ಅವನು ಮಗನ ಹೆಸರು ಹಿಡಿದು ಅಳಬೇಕು, ಎದೆಯಲ್ಲಿ ಧೂಳಿರುವುದೇ ಸಾಕು, ಅದನ್ನೂ ಹೊತ್ತುಕೊಂಡು ಹೋಗಬಾರದು.

ಅದಕ್ಕೇ ಈ ಕಥೆಯನ್ನು ಬಿಟ್ಟಿಲ್ಲ ಅವಳು, ಬರೆದ ಹಾಗೇ ಓದಿದಳು ಅಂತಲೂ ಇಲ್ಲ. ಯಾವ ಮಹಾನುಭಾವ ಬರೆದನೋ, ಅವನ ಕೈಗೆ ಬರಬಾರದ್ದು ಬರ, ಪುಟಕ್ಕೊಬ್ಬನನ್ನು ಸಾಯಿಸುತ್ತಾನೆ, ಕ್ಯಾಪ್ಟನ್ನನ ಜೊತೆಗಿದ್ದ ರೇಡಿಯೋದವನು ಪಿಂಗಾಕ್ಷ ಉಲ್ಕೆ ಬಡಿದು ಸತ್ತ ಎಂದು ಬರೆದಿದ್ದರೆ ಇವಳು ಬಾಯಿಗೆ ಬಂದ ಹಾಗೆ, ಕೈಗೆ ಗಾಯವಾಯಿತು, ಪಟ್ಟಿ ಕಟ್ಟಿದರು, ಎಂದು ಓದಿಬಿಟ್ಟಳು, ಬದುಕಿಸಿದ ತಪ್ಪಿಗೆ ಮುಂದೆ ದಿನಾ ಅವನಿಗೆ ಮಾತು ಹೊಂದಿಸಬೇಕಾಯಿತು, ಕಾಫಿ ಕುಡಿಸಬೇಕಾಯಿತು, ಒಂದು ದಿನ ಮರೆತೇ ಹೋದರೆ ಗಂಡ, ಎಲ್ಲೇ ಪಿಂಗಾಕ್ಷ, ಎಂದು ಕೇಳಬೇಕೆ, ಮಲಗವ್ನೆ ಬಿಡಿ, ಅಂದಳು, ಒಳಗೊಳಗೇ ನಗು. ನಿನ್ನೆ ಕ್ಯಾಪ್ಟನ್ನು ಕೊನೆಗೂ 'ಸ್ವಾತಿ'ಯನ್ನು ಕಂಡ, ಕಗ್ಗತ್ತಲೆಯಲ್ಲಿ ದೀಪವಿಲ್ಲದೆ ಮೆಲ್ಲಗೆ ತಿರುಗುತ್ತಿದೆ ನೌಕೆ, ಹಗ್ಗ ಕಟ್ಟಿಕೊಂಡು ತೇಲಿ ಹೋಗಿ ಅದರ ಮೈ ಮೇಲೆ ಕೈಯಿಟ್ಟ, ಅಷ್ಟರಲ್ಲಿ ಮುನಿಸ್ವಾಮಪ್ಪ ದಿಂಬು ಬಿಟ್ಟು ಎದ್ದು ಕೂತ. ತಟ್ಟು ಅನ್ನು ಅವ್ನಿಗೆ, ಅಂದ. ಏನು ತಟ್ಟೋದು. ಬಾಗ್ಲು ಕಣೇ, ನಾವು ಕೆಳಗೆ ಇಳಿದ್ರೆ ಮೊದ್ಲು ಗಾಳಿ ಪೈಪಿನ ಮೇಲೆ ಕಲ್ಲು ತಗೊಂಡು ತಟ್ತೀವಿ, ಆಚೆ ಕಡೆ ಜೀವ ಇದ್ರೆ ಅವ್ರೂ ತಟ್ತಾರೆ, ತಟ್ದೇ ಯಾರಾದ್ರೂ ಬಾಗ್ಲು ತೆಗೀತಾರಾ, ಏನ್ ಕ್ಯಾಪ್ಟನ್ನೋ ಇವ್ನು. ಆಕಾಶದಲ್ಲಿ ಸದ್ದು ಕೇಳಿಸುವುದಿಲ್ಲ ಎಂದು ಇದೇ ಪುಸ್ತಕದಲ್ಲಿ ಹಿಂದೆಲ್ಲೋ ಇತ್ತು, ಇದ್ದರೆ ಇರಲಿ, ಕಾಯಿಲೆಯವನ ಮಾತು ಮೀರಲು ಆಕಾಶ ಯಾರು, ಅವಳು ಓದಿಯೇ ಬಿಟ್ಟಳು, ಕ್ಯಾಪ್ಟನ್ ಶತಭಿಷ ಬಾಗಿಲು ತಟ್ಟಿದ, ಕಿವಿಯನ್ನು ಕಬ್ಬಿಣಕ್ಕೆ ಒತ್ತಿ ಕಾದ, ಮಿಕ್ಕಿದ್ದು ನಾಳೆ. ಇವತ್ತು ಬೆಳಿಗ್ಗೆ ಅನ್ನಕ್ಕಿಟ್ಟು ಕೊನೆಯ ಅಧ್ಯಾಯ ನೋಡುತ್ತ ನಿಂತಳು, ಗಂಜಿ ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ, ಕಥೆ ಬರೆದ ಆ ಪುಣ್ಯಾತ್ಮ ಕಿರಣನನ್ನೂ ಬಿಟ್ಟಿರಲಿಲ್ಲ, ಬಾಗಿಲು ತೆಗೆದರೆ ಹುಡುಗ ಕುರ್ಚಿಯಲ್ಲಿ ಕೂತ ಹಾಗೇ ಹೆಪ್ಪುಗಟ್ಟಿದ್ದ, ಜೀವ ಹೋಗಿ ಎಷ್ಟೋ ದಿನವಾಗಿತ್ತು. ಇದನ್ನು ಓದುವುದಾ. ಓದಿದರೆ ಅತ್ತಾನಾ, ಅಥವಾ ಗೋಡೆ ಕಡೆ ತಿರುಗಿ ಉಳಿದ ಉಸಿರನ್ನೂ ಬಿಟ್ಟುಬಿಟ್ಟಾನಾ.

ಓದ್ತಾ ಇಲ್ವಲ್ಲೇ ನೀನು, ಅಂದ ಮುನಿಸ್ವಾಮಪ್ಪ. ಹೌದು, ದನಿ ಯಾವಾಗಲೋ ನಿಂತಿತ್ತು, ಬಿಸಿಲಕೋಲು ಅವನ ಹೊದಿಕೆಯಿಂದ ಕೈಗೆ ಹತ್ತಿತ್ತು, ಕೈ ಮೂಳೆಯ ಮೇಲೆ ಚರ್ಮ ಅಷ್ಟೇ. ಇವತ್ತು ಮುಗೀತದೆ ಕಥೆ, ಅಂದಳು. ಮೊದ್ಲು ಅದೇಳು, ತಿರುಗಿ ತಟ್ಟಿದ್ನಾ ಆ ಮಗ. ಅವಳು ಪುಟ ನೋಡಿದಳು, ಅಕ್ಷರಗಳು ತೇಲುತ್ತಿದ್ದವು, ಅವಳ ನಾಲಗೆಯ ಮೇಲೆ ಕರುಣೆಯೇ ಬಂದು ಕೂತ ಹಾಗಿತ್ತು, ಬದುಕಿರಲಿ, ಒಬ್ಬರ ಮಗನಾದರೂ ಬದುಕಿರಲಿ, ಅದನ್ನು ಕೇಳಿ ಇವನ ಎದೆ ಹಗುರಾಗಲಿ, ಹೂಂ, ತಟ್ಟಿದ, ಅಂದಳು, ಒಳಗಿನಿಂದ ತಟ್ಟಿದ, ಚೆನ್ನಾಗಿ ಕೇಳಿಸ್ತು ಕ್ಯಾಪ್ಟನ್ನನಿಗೆ. ಹಗುರಾಗುವುದಿರಲಿ, ಅವನ ಮುಖ ಒಡೆದುಹೋಯಿತು, ಬಾಯಿ ತೆರೆದೇ ಇದೆ, ದನಿಯಿಲ್ಲ, ಅವಳು ಗಾಬರಿಯಿಂದ ನೀರಿನ ಲೋಟಕ್ಕೆ ಕೈ ಚಾಚಿದರೆ ಆ ಕೈಯನ್ನೇ ಹಿಡಿದುಕೊಂಡ. ನಮ್ಮೋನೂ ತಟ್ದ ಕಣೇ. ಯಾರು. ನಮ್ಮ ಆಂಜಿ. ಮನೆ ಮತ್ತೆ ನೆಲ ಬಿಟ್ಟಿತು, ಈ ಸಲ ರೈಲಿಲ್ಲ ಏನಿಲ್ಲ. ನಾನು ತಟ್ದೆ, ಅವ್ನು ತಟ್ದ, ಬಂಡೆ ಆಚೆ ಇದ್ದ, ಅಗೀತಾ ಅಗೀತಾ ನಮ್ಮಲ್ಲೊಬ್ಬನ ಗಾಳಿ ಮುಗಿಯೋಕೆ ಬಂತು, ಒಬ್ಬನದು ಮುಗಿದ್ರೆ ಎಲ್ರೂ ತಿರುಗ್ಬೇಕು, ಅದು ಕಾನೂನು, ನಾನು ಬರಲ್ಲ ಅಂದೆ, ಬೆಲ್ಟ್ ಹಿಡ್ದು ಎಳ್ಕೊಂಡು ಬಂದ್ರು, ಇನ್ನೊಂದು ತಂಡ ಇಳಿದು ತಟ್ಟಿದಾಗ ಆ ಕಡೆ ಸದ್ದಿರ್ಲಿಲ್ಲ.

ತಕ್ಷಣ ಹೋದ ಅಂದೆಯಲ್ಲೋ, ನೋವೇ ಆಗಲಿಲ್ಲ ಅಂದೆಯಲ್ಲೋ, ನಾಲ್ಕು ವರ್ಷ ಆ ಒಂದು ಮಾತು ಹಿಡಿದುಕೊಂಡು ತಾನೆ ನಾನು ಅನ್ನ ನುಂಗಿದ್ದು — ಪುಸ್ತಕ ಎತ್ತಿ ಗೋಡೆಗೆ ಎಸೆಯಬೇಕು, ಇವನ ಎದೆಗೆ ಗುದ್ದಬೇಕು ಅನ್ನುವಷ್ಟು ಸಿಟ್ಟು ಬಂತು, ಬಂದಷ್ಟೇ ಬೇಗ ಕೈ ಸೋತಿತು, ಪಿಂಗಾಕ್ಷನಿಗೆ ಪಟ್ಟಿ ಕಟ್ಟಿದವಳು ಯಾರು, ಸತ್ತ ಹುಡುಗನ ಕೈಯಲ್ಲಿ ಬಾಗಿಲು ತಟ್ಟಿಸಿದವಳು ಯಾರು, ಅವನು ಹೇಳಿದ್ದೂ ಇಂಥದ್ದೇ ಒಂದು, ಇವಳಿಗೋಸ್ಕರ. ಮುನಿಸ್ವಾಮಪ್ಪ ಅವಳ ಕೈ ಬಿಟ್ಟಿರಲಿಲ್ಲ. ಆ ಕ್ಯಾಪ್ಟನ್ನು ಏನ್ ಮಾಡ್ದ, ಅಂದ, ಮಗನ್ನ ಬುಟ್ಟು ಓಗ್ಬುಟ್ನಾ. ಬಿಟ್ಟು ಹೋಗಲಿಲ್ಲ ಅಂದರೆ ಇವನಿಗೆ ಚೂರಿ ಹಾಕಿದ ಹಾಗೆ, ಬಿಟ್ಟು ಹೋದ ಅಂದರೂ ಅದೇ, ಪುಟ ತಿರುವಿದಳು, ಮುಂದೆ ಪುಟವೇ ಇಲ್ಲ, ಶ್ರೀರಾಮಪ್ಪನ ಅಂಗಡಿಯ ಮೊಹರು ಬಿದ್ದ ಖಾಲಿ ಹಾಳೆ, ಅದರ ಮೇಲೇ ಬೆರಳಿಟ್ಟು ಓದಿದಳು. ಬಾಗಿಲು ತೆಗೆಯೋಕೆ ಆಗಲಿಲ್ಲ ಕ್ಯಾಪ್ಟನ್ನನ ಕೈಲಿ, ಗಾಳಿ ಮುಗೀತು, ಹಗ್ಗ ಹಿಡಿದು ಅವನನ್ನು ಎಳೆದುಕೊಂಡು ಬಂದರು, ಆದರೆ ಒಳಗಿದ್ದ ಮಗನಿಗೆ ಆ ತಟ್ಟೋ ಸದ್ದು ಕೇಳಿಸಿತ್ತು, ಅವನು ಚಿಕ್ಕ ಹುಡುಗ ಅಲ್ಲ, ಹೊರಗೆ ಬಂದಿರೋದು ಯಾರು ಅಂತ ಅವನಿಗೆ ಗೊತ್ತಾಯಿತು, ನಮ್ಮಪ್ಪ ಬಂದವ್ನೆ, ಅಂದುಕೊಂಡ, ಕತ್ತಲಲ್ಲಿ ಒಬ್ಬನೇ ಇರಲಿಲ್ಲ ಅವನು. ಅಂಗೇ ಬರ್ದವ್ರಾ. ಹೂಂ, ಅಂಗೇ ಬರ್ದವ್ರೆ. ಆಗ ಅವನು ಅತ್ತ, ಆಂಜೀ, ಆಂಜೀ, ಲೇ ಆಂಜೀ, ಎನ್ನುತ್ತ, ಕೆಮ್ಮು ನುಗ್ಗಿ ಬಂದರೂ ನಿಲ್ಲದೆ, ಕಣ್ಣೀರು ಕೆನ್ನೆಗುಂಟ ಇಳಿದು ಅವಳ ಮೊಣಕೈ ಮೇಲೆ ಬಿತ್ತು, ಅವನ ತಲೆಯನ್ನು ಎದೆಗೆ ಆನಿಸಿಕೊಂಡು ಅವಳು ಬೆನ್ನು ಸವರಿದಳು, ಅಳು, ಅಳು ನನ್ನಪ್ಪ, ಎಂದು ಅವಳ ಬಾಯಿ ಹೇಳುತ್ತಲೇ ಇತ್ತು, ಬೇಡಿಕೊಂಡದ್ದು ಸಿಕ್ಕಿತು, ಸಿಕ್ಕಿತಲ್ಲ, ಇನ್ನು ಸಮಾಧಾನವಾಗಬೇಕು, ಆದರೆ ಅವಳ ಕಣ್ಣು ಈಗ ಈ ಮನೆಯಲ್ಲಿಲ್ಲ, ಅದು ಕೆಳಗೆ ಕೆಳಗೆ ಇಳಿಯುತ್ತಿದೆ, ಬಂಡೆಯ ಆಚೆ ಕಡೆ, ಅಲ್ಲಿ ಪೈಪಿನ ಹತ್ತಿರ ಒಂದು ಕೈ, ಎಡಗೈಯೇ ಇರಬೇಕು, ಊಟಕ್ಕೂ ಎಡಗೈಯನ್ನೇ ಚಾಚಿ ಅವಳಿಂದ ಬೈಸಿಕೊಳ್ಳುತ್ತಿದ್ದ, ಎಡಗೈಯಲ್ಲಿ ಒಂದು ಕಲ್ಲು, ತಟ್ಟುತ್ತದೆ, ನಿಲ್ಲಿಸುತ್ತದೆ, ಆ ಕಡೆಯಿಂದ ಏನೂ ಇಲ್ಲ, ಅಪ್ಪ ಎಲ್ಲಿ ಹೋದ, ಮತ್ತೆ ತಟ್ಟುತ್ತದೆ, ನಿಲ್ಲಿಸುತ್ತದೆ, ಕಾಯುತ್ತದೆ, ಕಲ್ಲು ಹಿಡಿದ ಎಡಗೈ, ಮತ್ತೆ ಎತ್ತಿದ ಎಡಗೈ